ಪರದೆಯ ಅಂಚಿನ ಬೆಳ್ಳಿ

ಅವನು ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆದು ಮೇಜಿನ ಮೇಲಿಟ್ಟ. ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಕೇಳಿದ, "ಇವನ್ನ ತಿಕ್ಕಿದೋರು ಯಾರು?"

"ನಾನೇ," ಎಂದಳು ಅವಳು. "ಕಪ್ಪು ಹಿಡಿದಿದ್ವು. ಮೊದಲು ಬೂದಿ ಹಾಕಿ ತಿಕ್ಕಿದೆ, ಆಮೇಲೆ ಟೂತ್‌ಪೇಸ್ಟ್ ಹಾಕಿ ಬ್ರಷ್‌ನಲ್ಲಿ ಉಜ್ಜಿದೆ. ಕನ್ನಡಿ ಥರ ಹೊಳೀತಿಲ್ವಾ?"

"ಹೊಳೀತಿವೆ. ಅದೇ ತೊಂದರೆ."

ಅವನ ಅಂಗಡಿಯ ಹಸಿರು ಬಟ್ಟೆಯ ಮೇಲೆ ಬೆಳ್ಳಿ ನಾಣ್ಯಗಳು ಸಾಲಾಗಿ ಕೂತಿದ್ದವು, ಆಗಷ್ಟೇ ಸ್ನಾನ ಮಾಡಿಸಿದ ಮಕ್ಕಳ ಹಾಗೆ. ಅವನು ಒಂದನ್ನು ಅಂಚು ಹಿಡಿದು ಎತ್ತಿ ಬೆಳಕಿಗೆ ಓರೆ ಮಾಡಿದ. ಮೈತುಂಬ ಸಣ್ಣ ಗೀರುಗಳು.

"ನೀವು ತೆಗೆದಿದ್ದು ಕೊಳೆ ಅಲ್ಲ. ಬೆಳ್ಳಿ ಮೇಲೆ ವರ್ಷಗಟ್ಟಲೆ ಕೂತು ಬಂದ ಬಣ್ಣ. ನಾಣ್ಯ ಕೂಡಿಡೋರು ದುಡ್ಡು ಕೊಡೋದೇ ಆ ಬಣ್ಣಕ್ಕೆ. ಈಗ ಇವಕ್ಕೆ ಬೆಳ್ಳಿ ತೂಕದ ಬೆಲೆ ಅಷ್ಟೇ."

ಅವಳಿಗೆ ಕೋಪ ಬಂತು. ಅವಳ ಕೋಪ ದೂರದಿಂದ ಬರಬೇಕಾಗಿರಲಿಲ್ಲ, ಮೂಗಿನ ತುದಿಯಲ್ಲೇ ಅದರ ವಾಸ. "ತೊಳೀಬೇಡಿ ಅಂತ ನಾಣ್ಯದ ಮೇಲೆ ಬರೆದಿತ್ತಾ?"

ಅವನು ನಾಣ್ಯವನ್ನು ತಿರುಗಿಸಿ ಎರಡೂ ಕಡೆ ನೋಡಿದ. ಅದರ ಮೇಲಿದ್ದ ರಾಜನ ಮುಖವನ್ನು ಸ್ವಲ್ಪ ಹೊತ್ತು ದಿಟ್ಟಿಸಿದ. "ಬರೆದಿಲ್ಲ," ಎಂದ. "ಹಾಗಾದ್ರೆ ತಪ್ಪು ಈ ರಾಜನದೇ."

ನಗು ಬಂತು. ಅವಳು ಅದನ್ನು ಹಲ್ಲು ಕಚ್ಚಿ ತಡೆದಳು. ಜಗಳಕ್ಕೆ ನಿಂತವಳು ನಕ್ಕುಬಿಟ್ಟರೆ ಜಗಳಕ್ಕೆ ಮರ್ಯಾದೆ ಎಲ್ಲಿ ಉಳಿಯುತ್ತದೆ?

ಅವಳು ಬಟ್ಟೆ ಹೊಲಿಯುವವಳು. ಬೀದಿಯವರೆಲ್ಲ ಅವಳನ್ನು ಕತ್ತರಿ ಎಂದೇ ಕರೆಯುತ್ತಿದ್ದರು, ಅದು ಕೈಯಲ್ಲಿದ್ದ ಕತ್ತರಿಯಿಂದ ಬಂದ ಹೆಸರಲ್ಲ. ಮದುವೆಯ ವಯಸ್ಸಿನಲ್ಲಿ ನೋಡಲು ಬಂದಿದ್ದ ಗಂಡೊಬ್ಬ, "ಸ್ವಲ್ಪ ಮೆಲ್ಲಗೆ ಮಾತಾಡೋದು ಕಲೀಬಹುದಾ?" ಎಂದು ಕೇಳಿದ್ದ. "ಸ್ವಲ್ಪ ದೂರ ಕೂತು ಕೇಳೋದು ಕಲೀಬಹುದಾ?" ಎಂದು ಇವಳು ಉತ್ತರ ಕೊಟ್ಟಿದ್ದಳು. ಅಲ್ಲಿಗೆ ಮದುವೆಯ ಮಾತು ಮುಗಿಯಿತು. ಈಗ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಅದರ ಬಗ್ಗೆ ಅವಳಿಗೆ ಬೇಸರವೇನೂ ಇರಲಿಲ್ಲ, ಯಾರಾದರೂ ಆ ಮಾತು ಎತ್ತುವವರೆಗೆ.

ನಾಣ್ಯದವನಿಗೂ ಒಂದು ಅಡ್ಡಹೆಸರಿತ್ತು, ತಕ್ಕಡಿ. ಯಾವುದನ್ನೂ ತೂಗದೆ ಆಡುವವನಲ್ಲ. "ಊಟ ಆಯ್ತಾ?" ಎಂದು ಕೇಳಿದರೂ ಒಂದು ಗಳಿಗೆ ಯೋಚಿಸಿ "ಆಯ್ತು" ಎನ್ನುತ್ತಿದ್ದ. ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲೇ ಅವನ ಒಲೆ, ಅವನ ಮಂಚ.

ನಾಣ್ಯಗಳು ಸಿಕ್ಕಿದ್ದು ಪರದೆಯಲ್ಲಿ. ಅವಳ ಅಣ್ಣ ಮನೆಗೆ ಬಣ್ಣ ಹೊಡೆಸಿ ಹೊಸ ಪರದೆ ಹಾಕಿಸಿದ್ದ. ಅತ್ತಿಗೆ ಹಳೆಯದನ್ನು ತಂದು ಇವಳ ಮುಂದೆ ಹಾಕಿ, "ಬಟ್ಟೆ ಗಟ್ಟಿ ಇದೆ ಕಣೇ, ದಿಂಬಿನ ಕವರ್ ಮಾಡ್ಕೋ," ಎಂದಿದ್ದಳು. ಅದು ಅಮ್ಮ ಹೊಲಿದ ಪರದೆ. ಅಮ್ಮನೂ ದರ್ಜಿ, ಎಡಗೈಯವಳು. ಅವಳ ಕೈಹೊಲಿಗೆ ಎಲ್ಲರ ಹೊಲಿಗೆಯ ಹಾಗೆ ಬಲಕ್ಕೆ ವಾಲದೆ ಎಡಕ್ಕೆ ವಾಲುತ್ತಿತ್ತು. ಕೆಳ ಅಂಚು ಬಿಚ್ಚುತ್ತಾ ಹೋದಂತೆ ಒಂದೊಂದೇ ನಾಣ್ಯ ಮಡಿಲಿಗೆ ಬಿತ್ತು. ಗಾಳಿಗೆ ಪರದೆ ಹಾರದಿರಲಿ ಎಂದು ಎಲ್ಲರೂ ಸೀಸದ ಬಿಲ್ಲೆ ಹಾಕಿ ಹೊಲಿಯುತ್ತಾರೆ. ಅಮ್ಮನ ಹತ್ತಿರ ಸೀಸ ಇರಲಿಲ್ಲ, ಚಲಾವಣೆ ನಿಂತುಹೋದ ನಾಣ್ಯಗಳಿದ್ದವು. ಹಾಕಿ ಹೊಲಿದಿದ್ದಳು.

ಬಿಚ್ಚಿದ ಸಂಜೆಯೇ ಇವಳು ಅವನ್ನೆಲ್ಲ ತಿಕ್ಕಿ ತೊಳೆದಿದ್ದಳು. ಕಾರಣವಿತ್ತು. ಅಮ್ಮನ ಕಾಲದ ಹೊಲಿಗೆ ಮಷಿನ್ ಎರಡು ಹೊಲಿಗೆ ಹಾಕಿ ಮೂರನೆಯದನ್ನು ನುಂಗುತ್ತಿತ್ತು. ರಿಪೇರಿಯವನು ಕೈಚೆಲ್ಲಿಬಿಟ್ಟಿದ್ದ. ಹೊಸ ಮಷಿನ್ ಬಂದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿ ನೋಡಿಕೊಳ್ಳುತ್ತಾರೆ. ಆ ಆಸೆಯನ್ನು ಬ್ರಷ್ ಹಿಡಿದು ತನ್ನ ಕೈಯಾರೆ ಉಜ್ಜಿ ಹಾಕಿದ್ದಳು.

"ಇನ್ನೂ ಒಂದಿದೆ," ಎಂದಳು. ಕೋಪ ಇಳಿದಿರಲಿಲ್ಲ, ದನಿ ಮಾತ್ರ ಇಳಿದಿತ್ತು. ಚೀಲದಿಂದ ಪರದೆಯ ಒಂದು ಮೂಲೆ ತೆಗೆದಳು. "ಇಲ್ಲಿ ನಮ್ಮಮ್ಮ ದಾರ ಗಂಟು ಹಾಕಿ ಹಾಕಿ ಬಿಗಿದಿದ್ಳು. ತಾಳ್ಮೆ ಸಾಲದೆ ಬಿಟ್ಟಿದ್ದೆ."

"ತಾಳ್ಮೆ ಇಲ್ಲದ್ದು ಒಳ್ಳೇದೇ ಆಯ್ತು," ಎಂದು ಅವನು ಬ್ಲೇಡ್ ಮುಂದೆ ಮಾಡಿದ.

ಅವಳು ಆ ಬ್ಲೇಡನ್ನು ಒಮ್ಮೆ ನೋಡಿದಳು, ಅವನನ್ನು ಒಮ್ಮೆ ನೋಡಿದಳು. ಸೊಂಟದ ಚೀಲದಿಂದ ತನ್ನ ಪುಟ್ಟ ಕತ್ತರಿ ತೆಗೆದಳು. ಗಂಟುಗಳು ಒಂದೊಂದಾಗಿ ಬಿಟ್ಟವು.

ಹಸಿರು ಬಟ್ಟೆಯ ಮೇಲೆ ಬಿದ್ದ ನಾಣ್ಯ ನಡುವೆ ಬೂದು, ಅಂಚಿಗೆ ಬರುತ್ತಾ ನೀಲಿ, ಆಮೇಲೆ ನೇರಳೆ. ಪಾರಿವಾಳದ ಕತ್ತಿನಲ್ಲಿ ಓಡಾಡುವ ಬಣ್ಣ. ಅವನು ಉಸಿರು ಎಳೆದುಕೊಂಡ. ಭೂತಗನ್ನಡಿ ಹಚ್ಚಿ ಬಹಳ ಹೊತ್ತು ನೋಡಿದ. ತಲೆ ಎತ್ತಿದಾಗ ಅವಳೂ ಅದೇ ನಾಣ್ಯದ ಮೇಲೆ ಬಾಗಿದ್ದಳು. ಇಬ್ಬರ ಹಣೆಗಳ ನಡುವೆ ಇದ್ದದ್ದು ಒಂದು ಗೇಣು ಬೆಳಕು.

"ಇದನ್ನ ಸರಿಯಾಗಿ ನೋಡಬೇಕು," ಎಂದ ಅವನು, ನಾಣ್ಯದ ಕಡೆ ನೋಡದೆ. "ಬಿಟ್ಟು ಹೋಗ್ತೀರಾ? ಮುಂದಿನ ವಾರ ಬನ್ನಿ."

ಒಂದು ಗುಂಡಿಯನ್ನೂ ಯಾರ ಕೈಗೂ ನಂಬಿ ಕೊಡದವಳು "ಹೂಂ" ಎಂದಳು. ಪರದೆಯ ಮೂಲೆಯನ್ನು ಮಾತ್ರ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ದರ್ಜಿಗಳು ಚಿಂದಿ ಎಸೆಯುವುದಿಲ್ಲ.

ಮುಂದಿನ ವಾರ ಹೋದಳು. "ಇನ್ನೂ ನೋಡಬೇಕು," ಎಂದ. ಚಹಾ ಕೊಟ್ಟ. ಅದರ ಮುಂದಿನ ವಾರವೂ ಹೋದಳು. ಇನ್ನೂ ನೋಡಬೇಕಿತ್ತು. ಈ ಸಲ ಚಹಾದ ಜೊತೆ ಬಿಸ್ಕತ್ತೂ ಇತ್ತು, ಕಪ್ಪೂ ಹೊಸದಿತ್ತು.

ಅವನು ಅವಳಿಗೆ ನಾಣ್ಯ ನೋಡುವುದನ್ನು ಕಲಿಸಿದ. ಹೊಟ್ಟೆಯ ಮೇಲೆ ಬೆರಳಿಡಬಾರದು, ಅಂಚು ಹಿಡಿಯಬೇಕು. ಅಚ್ಚಿನಲ್ಲಿ ಎರಕ ಹೊಯ್ದ ಖೋಟಾ ನಾಣ್ಯಕ್ಕೆ ಅಂಚಿನ ಸುತ್ತ ಒಂದು ಸಣ್ಣ ಗೆರೆ ಇರುತ್ತದೆ. ರಾಜನ ಕತ್ತಿನ ಕೆಳಗೆ ಚುಕ್ಕೆಯೋ ನಕ್ಷತ್ರವೋ ಇದ್ದರೆ ಅದು ಯಾವ ಟಂಕಸಾಲೆಯಲ್ಲಿ ಹೊಡೆದದ್ದು ಎಂದು ತಿಳಿಯುತ್ತದೆ. ಅವನು ಎರಡು ನಾಣ್ಯಗಳನ್ನು ಮೇಜಿನ ಮೇಲೆ ಬೀಳಿಸಿದ. ಒಂದು ಗಂಟೆಯಂತೆ ನುಡಿಯಿತು, ಇನ್ನೊಂದು ತೊಪ್ಪೆಂದು ಬಿತ್ತು.

"ಯಾವುದು ಬೆಳ್ಳಿ?" ಎಂದು ಕೇಳಿದ.

"ಬಾಯಿ ಇರೋದು," ಎಂದಳು.

ಅವನು ನಕ್ಕ. ಅವನ ನಗು ನಿಧಾನವಾಗಿ, ಮೊದಲು ಎಡಗಣ್ಣಿನ ಮೂಲೆಗೆ ಬಂದು, ಅಲ್ಲಿ ಸ್ವಲ್ಪ ನಿಂತು, ಆಮೇಲೆ ತುಟಿಗೆ ಇಳಿಯುತ್ತಿತ್ತು. ಅದು ತುಟಿಗೆ ಇಳಿಯುವವರೆಗೆ ಕಾಯುವುದು ಅವಳಿಗೆ ಅಭ್ಯಾಸವಾಯಿತು. ಜೀವಮಾನದಲ್ಲಿ ಅವಳು ಕಾಯಲು ಕಲಿತದ್ದು ಅದೊಂದಕ್ಕೇ.

"ಈ ರಾಜನ ಮೂಗೇ ಸವೆದುಹೋಗಿದೆಯಲ್ಲ," ಎಂದಳು ಒಂದು ದಿನ, ತಟ್ಟೆಯಲ್ಲಿದ್ದ ಬೇರೆ ನಾಣ್ಯವೊಂದನ್ನು ತೋರಿಸಿ. "ಇಂಥದ್ದಕ್ಕೆ ಯಾರು ಕಾಸು ಕೊಡ್ತಾರೆ?"

"ಸವೆದಿದೆ ಅಂದ್ರೆ ನಾಲ್ಕು ಜನರ ಕೈಗೆ ಬೇಕಾಗಿತ್ತು ಅಂತ."

"ನನ್ನ ಬೆರಳೂ ಸವೆದಿವೆ ನೋಡಿ. ಎಷ್ಟು ಕೊಡ್ತೀರಿ?"

ತಮಾಷೆಗೆ ಚಾಚಿದ ಕೈ. ಅವನು ಭೂತಗನ್ನಡಿ ಎತ್ತಿಕೊಂಡ. ಸೂಜಿ ಚುಚ್ಚಿ ಚುಚ್ಚಿ ಒರಟಾದ ಆ ತೋರುಬೆರಳ ತುದಿಯನ್ನು, ಮುಟ್ಟದೆ, ತೂಕದ ಬಟ್ಟು ನೋಡುವಷ್ಟು ಗಮನದಿಂದ ನೋಡಿದ. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಬೇಕಿತ್ತು. ಎಳೆದುಕೊಳ್ಳಲಿಲ್ಲ. ಕೊನೆಗೆ ಅವಳೇ ಭೂತಗನ್ನಡಿ ಕಿತ್ತುಕೊಂಡು ಅವನ ಮುಖಕ್ಕೆ ಹಿಡಿದಳು. ಗಾಜಿನೊಳಗೆ ಅವನ ಕಣ್ಣು ತಟ್ಟೆಯಷ್ಟಾಯಿತು. ಕಂದು ಬಣ್ಣ, ನಡುವೆ ಚುಕ್ಕೆ ಚುಕ್ಕೆ ಜೇನು. ಆ ಕಣ್ಣು ಮಿಟುಕಲಿಲ್ಲ.

"ಏನು ಕಾಣ್ತಿದೆ?" ಎಂದ.

"ಧೂಳು," ಎಂದು ಗಾಜು ಕೆಳಗಿಟ್ಟಳು. 

ಇನ್ನೊಂದು ವಾರ ಅವನ ಅಂಗಿಯ ಗುಂಡಿ ಜೋತಾಡುತ್ತಿತ್ತು. ಎದ್ದು ಹೋಗಿ, ಅಂಗಿ ಅವನ ಮೈಮೇಲೆ ಇರುವಾಗಲೇ ಹೊಲಿದಳು. ಹೊಲಿದು ಮುಗಿದ ಮೇಲೆ ದಾರವನ್ನು ಹಲ್ಲಿನಿಂದ ಕಚ್ಚುವುದು ಅವಳ ಅಭ್ಯಾಸ. ಬಗ್ಗಿದಳು. ಅವನ ಎದೆ ಉಸಿರಾಡುವುದನ್ನು ನಿಲ್ಲಿಸಿತ್ತು. ನೆಟ್ಟಗಾಗಿ ಕತ್ತರಿ ಹುಡುಕತೊಡಗಿದಳು. ಅದು ಎಂದಿನ ಹಾಗೆ ಸೊಂಟದಲ್ಲೇ ಇತ್ತು, ಸಿಗಲು ಬಹಳ ಹೊತ್ತು ಹಿಡಿಯಿತು.

ಎಲ್ಲ ಕೆಡಿಸಿದವಳು ಅತ್ತಿಗೆ. ಕೆಡಿಸಬೇಕೆಂದು ಬಂದವಳಲ್ಲ, ತನಗೊಂದು ರವಿಕೆ ಹೊಲಿಸಲು ಬಂದಿದ್ದಳು. ಇವಳು ಅವಳ ಭುಜವನ್ನು ಕಣ್ಣಲ್ಲೇ ಅಳೆದಳು. ಟೇಪು ಇವಳ ಕತ್ತಿನಲ್ಲಿ ಅಲಂಕಾರಕ್ಕೆ ಇರುತ್ತಿತ್ತು ಅಷ್ಟೇ. ಒಂದು ನೋಟ ಸಾಕು, ಕಾಲು ಇಂಚೂ ತಪ್ಪುತ್ತಿರಲಿಲ್ಲ.

"ನಿನ್ನ ತಕ್ಕಡಿ ಅಂಗಡಿಗೆ ಹೋಗಿದ್ದೆ ಕಣೇ," ಎಂದಳು ಅತ್ತಿಗೆ. "ನಮ್ಮಪ್ಪನ ಡಬ್ಬೀಲಿ ಒಂದಿಷ್ಟು ಹಳೇ ನಾಣ್ಯ ಇದ್ವಲ್ಲ, ತೋರಿಸೋಣ ಅಂತ."

"ಏನಂದ್ರು?"

"ಮುಟ್ಟಿದ, ತಿರುಗಿಸಿದ, ಬೆಲೆ ಹೇಳಿದ. ನಾನು ಕುರ್ಚಿ ಮೇಲೆ ಸರಿಯಾಗಿ ಕೂತೂ ಇರಲಿಲ್ಲ. ನಿಂದೇನಾಯ್ತು?"

"ಇನ್ನೂ ನೋಡಬೇಕಂತೆ."

"ಇನ್ನೂ? ಒಂದು ನಾಣ್ಯಕ್ಕಾ?" ಅತ್ತಿಗೆ ಕನ್ನಡಿಯಿಂದ ತಿರುಗಿದಳು. "ಹುಚ್ಚಿ. ಅಷ್ಟು ಹೊತ್ತಿಗೆ ಒಳ್ಳೇದನ್ನ ತೆಗೆದಿಟ್ಕೊಂಡು ಅದರ ಜಾಗದಲ್ಲಿ ಇನ್ನೊಂದು ಇಟ್ಟಿರ್ತಾನೆ. ಚಹಾ ಬೇರೆ ಕೊಡ್ತಾನೆ ಅಂದಿದ್ದೆಯಲ್ಲ? ಹಾಗಾದ್ರೆ ಖಂಡಿತ."

ಆ ಚಹಾದ ಮಾತು ಅವಳಿಗೆ ನಾಟಿತು. ತನಗೆಂದೇ ತಂದದ್ದು ಎಂದುಕೊಂಡಿದ್ದ ಹೊಸ ಕಪ್ಪು ಕಣ್ಣ ಮುಂದೆ ಬಂತು. ಈ ವಯಸ್ಸಿನಲ್ಲಿ ಒಂದು ಕಪ್ಪಿಗೆ, ಒಂದು ಬಿಸ್ಕತ್ತಿಗೆ ಮರುಳಾದೆನೇ ಎಂದು ಹೊಟ್ಟೆ ಉರಿಯಿತು. ನಾಣ್ಯ ಹೋದದ್ದಕ್ಕೆ ಅಷ್ಟು ಉರಿಯಲಿಲ್ಲ. ಅತ್ತಿಗೆಯನ್ನು ಅರ್ಧ ಅಳತೆಯಲ್ಲೇ ನಿಲ್ಲಿಸಿ ಹೊರಟಳು.

ಅಂಗಡಿಯಲ್ಲಿ ಇಬ್ಬರಿದ್ದರು. ಅಂಚೆಚೀಟಿ ನೋಡಲು ದಿನಾ ಬರುವ ಮುದುಕರು, ಮತ್ತು ಮಾವನ ಕಾಲದ ನಾಣ್ಯಗಳನ್ನು ಕೈಚೀಲದಲ್ಲಿ ತಂದಿದ್ದ ಬೇಕರಿಯವನ ಹೆಂಡತಿ.

"ಎಲ್ಲಿ ನನ್ನ ನಾಣ್ಯ?" ಬಾಗಿಲಲ್ಲೇ ಶುರುಮಾಡಿದಳು. "ನಮ್ಮ ಅತ್ತಿಗೆ ತಂದಿದ್ದಕ್ಕೆ ಕೂತ ಗಳಿಗೇಲಿ ಬೆಲೆ ಹೇಳ್ತೀರಿ, ನನ್ನದೊಂದನ್ನ ನೋಡೋಕೆ ಜಾತಕ ಬರೀಬೇಕಾ? ಬದಲಾಯಿಸೋಕೆ ಟೈಮ್ ಬೇಕಿತ್ತು, ಅಲ್ವಾ? ಚಹಾ ಕುಡಿಸಿ ಕುಡಿಸಿ ಕಳ್ಳತನ ಮಾಡೋರನ್ನ ಇವತ್ತೇ ನೋಡಿದ್ದು ನಾನು."

ಬೇಕರಿಯವನ ಹೆಂಡತಿ ಮೇಜಿನ ಮೇಲೆ ಸುರಿದಿದ್ದ ನಾಣ್ಯಗಳನ್ನು ಮೆಲ್ಲಗೆ ಕೈಚೀಲಕ್ಕೆ ಬಳಿದುಕೊಂಡಳು. "ಆಮೇಲೆ ಬರ್ತೀನಿ," ಎಂದು ಯಾರ ಮುಖವನ್ನೂ ನೋಡದೆ ಇಳಿದು ಹೋದಳು.

ಅವನು ಆ ಹೆಂಗಸು ಹೋದ ಬಾಗಿಲನ್ನೇ ನೋಡಿದ. ನಾಣ್ಯದ ವ್ಯಾಪಾರದವನಿಗೆ ಇರುವ ಬಂಡವಾಳ ಒಂದೇ, ಅವನ ಹೆಸರು. ಅದು ಕೈಚೀಲದಲ್ಲಿ ಎದ್ದು ನಡೆದುಹೋಗಿತ್ತು. ಅವನು ಕೂಗಾಡಲಿಲ್ಲ. ಬೀಗ ತೆಗೆದು, ಹತ್ತಿಯಲ್ಲಿ ಸುತ್ತಿಟ್ಟಿದ್ದ ನಾಣ್ಯವನ್ನು ಅವಳ ಅಂಗೈಗಿಟ್ಟ.

"ಇದು ನನ್ನದೇ ಅಂತ ಏನು ಗುರುತು?"

"ಗುರುತು ನಿಮ್ಮ ಹತ್ತಿರಾನೇ ಇದೆ. ಆ ಮೂಲೆ ಬಟ್ಟೆ ಎಸೆದಿಲ್ಲ ತಾನೇ? ಹಗಲು ಬೆಳಕಲ್ಲಿ ಪಕ್ಕಪಕ್ಕ ಇಟ್ಟು ನೋಡಿ." ಭೂತಗನ್ನಡಿಯನ್ನೂ ಮುಂದೆ ಸರಿಸಿದ. "ಇದನ್ನೂ ತಗೊಂಡು ಹೋಗಿ. ನೋಡಿ ಆದ್ಮೇಲೆ ಕಳಿಸಿಕೊಡಿ, ಸಾಕು."

ಕಳಿಸಿಕೊಡಿ ಎಂದ. ಬನ್ನಿ ಎನ್ನಲಿಲ್ಲ.

ಮನೆಯ ಕಿಟಕಿಯ ಬಳಿ ಕೂತು ಗಾಜು ಕಣ್ಣಿಗೆ ಹಚ್ಚಿದಳು. ಬೂದು ಬಣ್ಣದೊಳಗೆ ಸಣ್ಣ ಸಣ್ಣ ಚೌಕಗಳು. ಉದ್ದ ಎಳೆ, ಅಡ್ಡ ಎಳೆ. ವರ್ಷಾನುಗಟ್ಟಲೆ ಬಟ್ಟೆಗೆ ಅಂಟಿಕೊಂಡಿದ್ದ ಬೆಳ್ಳಿಯ ಮೇಲೆ ಬಟ್ಟೆಯ ನೇಯ್ಗೆಯೇ ಅಚ್ಚಾಗಿತ್ತು. ಪರದೆಯ ಮೂಲೆ ಪಕ್ಕಕ್ಕಿಟ್ಟಳು. ಎಳೆಗೆ ಎಳೆ ಕೂತಿತು. ಅಂಚಿನ ನೀಲಿಯಲ್ಲಿ ಒಂದು ಸಾಲು ದಪ್ಪ ಗುರುತುಗಳಿದ್ದವು, ಎಲ್ಲವೂ ಎಡಕ್ಕೆ ವಾಲಿದ್ದವು.

ಅಮ್ಮನ ಹೊಲಿಗೆ. ಲೋಕದಲ್ಲಿ ಯಾವ ಕಳ್ಳನೂ ಮಾಡಲಾಗದ ಗುರುತು. ಮೊದಲ ದಿನವೇ ಅವನು ಇದನ್ನು ನೋಡಿದ್ದ, ಅವಳಿಗಾಗಿ ಹತ್ತಿಯಲ್ಲಿ ಜೋಪಾನ ಮಾಡಿದ್ದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಹೊಲಿಗೆ ಬಿಚ್ಚಬಲ್ಲಳು, ಆಡಿದ ಮಾತನ್ನು ಬಿಚ್ಚುವ ಕತ್ತರಿ ಅವಳ ಹತ್ತಿರ ಇರಲಿಲ್ಲ. ಅಂದು ಮಷಿನ್ ಮುಂದೆ ಕೂತರೂ ಒಂದು ಗೇಣು ಹೊಲಿಯಲಾಗಲಿಲ್ಲ.

ಬೆಳಿಗ್ಗೆ ನೇರ ಬೇಕರಿಗೆ ಹೋದಳು. ಹಿಟ್ಟಿನ ಕೈಯಲ್ಲೇ ನಿಂತಿದ್ದ ಬೇಕರಿಯವನ ಹೆಂಡತಿಗೆ, "ಆ ನಾಣ್ಯದ ಚೀಲ ತಗೊಳ್ಳಿ, ನನ್ನ ಜೊತೆ ಬನ್ನಿ," ಎಂದಳು.

"ಯಾಕಮ್ಮಾ, ಇನ್ನೂ ಬೈಯೋದು ಬಾಕಿ ಇದೆಯಾ?"

"ಹೂಂ. ಇವತ್ತು ನನಗೇ."

ಅಂಗಡಿಯಲ್ಲಿ ಅಂಚೆಚೀಟಿಯ ಮುದುಕರು ಕೂತಿದ್ದರು. ಅವಳು ಒಳಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ ನಿಂತು, ಬೀದಿಯ ಆ ತುದಿಗೂ ಕೇಳುವಂತೆ ಹೇಳಿದಳು, "ಈ ಅಂಗಡಿಯವರು ನನ್ನ ನಾಣ್ಯ ಕದ್ದಿಲ್ಲ. ಬದಲಾಯಿಸಿಲ್ಲ. ನಿನ್ನೆ ನಾನು ಅಂದಿದ್ದು ಸುಳ್ಳು. ತಪ್ಪು ನನ್ನದು."

ಎದುರಿನ ಬೀಗದ ಅಂಗಡಿಯವನು ಸುತ್ತಿಗೆ ಹಿಡಿದೇ ಹೊರಗೆ ಬಂದ. ಮೇಲಿನ ಮನೆಯ ಕಿಟಕಿ ತೆರೆಯಿತು.

"ಮೆಲ್ಲಗೆ ಹೇಳಿದ್ರೂ ಆಗ್ತಿತ್ತು," ಎಂದ ಅವನು, ಕಿವಿ ಕೆಂಪಾಗಿಸಿಕೊಂಡು.

"ಸುಳ್ಳನ್ನ ಕೂಗಿ ಹೇಳಿ ನಿಜಾನ ಪಿಸುಗುಟ್ಟೋಕಾಗುತ್ತಾ?"

ಬೇಕರಿಯವನ ಹೆಂಡತಿ ತನ್ನ ಚೀಲವನ್ನು ಮೇಜಿನ ಮೇಲೆ ಸುರಿದಳು. "ಬೆಲೆ ನಿಧಾನಕ್ಕೆ ಹೇಳಿ, ನನಗೆ ಅವಸರ ಇಲ್ಲ. ಒಲೆ ಮೇಲೆ ರೊಟ್ಟಿ ಇದೆ, ಆಮೇಲೆ ಬರ್ತೀನಿ." ಮುದುಕರ ಕಡೆ ಕಣ್ಣು ಹೊರಳಿಸಿ, "ಯಜಮಾನರೇ, ನೀವೂ ಏಳಿ, ಬಿಸಿ ಬನ್ನು ಕೊಡ್ತೀನಿ," ಎಂದಳು. ಅವರಿಗೆ ಏಳಲು ಮನಸ್ಸಿರಲಿಲ್ಲ. ತೋಳು ಹಿಡಿದು ಎಬ್ಬಿಸಿಕೊಂಡೇ ಹೋದಳು.

ಇಬ್ಬರೇ ಉಳಿದರು. ಅವಳು ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟಳು. "ನನ್ನ ತಪ್ಪು ಮುಗೀತು. ಈಗ ನಿಮ್ಮದು ಹೇಳಿ. ಯಾಕೆ ಅಷ್ಟು ವಾರ?"

ಅವನು ತೂಗಿದ. ಬಹಳ ಹೊತ್ತು ತೂಗಿದ. ಕೊನೆಗೆ ತಟ್ಟೆ ಒಂದು ಕಡೆಗೆ ಇಳಿಯಿತು.

"ಬೆಲೆ ಮೊದಲ ದಿನವೇ ಗೊತ್ತಾಗಿತ್ತು. ಹೇಳಿಬಿಟ್ರೆ ನೀವು ತಗೊಂಡು ಹೋಗಿಬಿಡ್ತಿದ್ರಿ."

"ಅದಕ್ಕೆ?"

"ಅದಕ್ಕೇ ಹೇಳಲಿಲ್ಲ." ಹಸಿರು ಬಟ್ಟೆಯ ಸುಕ್ಕನ್ನು ಬೆರಳಲ್ಲಿ ತೀಡಿದ. "ನೀವು ಬರೋ ದಿನ ಬಿಟ್ಟು ಮಿಕ್ಕ ದಿನ ಈ ಬಾಗಿಲು ತೆಗೆಯೋಕೇ ಮನಸ್ಸು ಬರ್ತಿರಲಿಲ್ಲ."

ಅವಳ ಎದೆಯೊಳಗೆ ಏನೋ ಗಂಟೆಯಂತೆ ನುಡಿಯಿತು. ಆದರೂ ಬಾಯಿ ಬಾಯಿಯೇ. "ಅಲ್ಲಿ ನನ್ನ ಮಷಿನ್ ಸಾಯ್ತಿತ್ತು. ನಾನು ಅರ್ಧ ಬಟ್ಟೆ ಕೈಯಲ್ಲಿ ಹೊಲೀತಿದ್ದೆ."

"ಅದು ಗೊತ್ತಿರಲಿಲ್ಲ. ನೀವು ಹೇಳಲಿಲ್ಲ."

"ನೀವು ಕೇಳಲಿಲ್ಲ."

"ಕೇಳಬೇಕಿತ್ತು," ಎಂದು ಅವನು ಒಪ್ಪಿದ. "ಅದು ನನ್ನ ತಪ್ಪು."

ಇಷ್ಟು ಸಲೀಸಾಗಿ ತಪ್ಪು ಒಪ್ಪುವವನ ಜೊತೆ ಜಗಳ ಆಡುವುದು ಹೇಗೆ? ಅವಳು ಕುರ್ಚಿ ಎಳೆದು ಕೂತಳು. "ನನ್ನ ಬಾಯಿ ನೋಡಿದ್ರಲ್ಲ. ಇದು ದಿನಾ ಹೀಗೇ ಇರುತ್ತೆ. ಯೋಚನೆ ಮಾಡಿ ಹೇಳಿ."

ಮೊದಲ ಸಲ ಅವನು ಯೋಚನೆ ಮಾಡಲಿಲ್ಲ. "ಬೆಳ್ಳಿ ಕೆಳಗೆ ಬಿದ್ರೆ ಸದ್ದು ಮಾಡಬೇಕು. ಸದ್ದು ಮಾಡದೆ ಬೀಳೋದು ಖೋಟಾ."

ನಗು ಅವನ ಎಡಗಣ್ಣಿನ ಮೂಲೆಗೆ ಬಂದು ನಿಂತಿತು. ಅದು ತುಟಿಗೆ ಇಳಿಯುವ ಮೊದಲೇ ಅವಳು ಅವನ ಕೈಯ ಮೇಲೆ ತನ್ನ ಒರಟು ಬೆರಳುಗಳನ್ನಿಟ್ಟಳು. ಅಂಚು ಹಿಡಿಯಲಿಲ್ಲ. ನೇರ ಅಂಗೈಯನ್ನೇ ಹಿಡಿದಳು.

ನಾಣ್ಯ ಮಾರುವ ಮಾತು ಬಂದಾಗ ಅವನು ಬೇಡವೆಂದ. "ನಿಮ್ಮಮ್ಮನ ಹೊಲಿಗೆ ಇದೆ ಅದರ ಮೇಲೆ."

"ನಮ್ಮಮ್ಮ ಅದನ್ನ ಪೂಜೆಗೆ ಇಟ್ಟಿರಲಿಲ್ಲ, ಪರದೆಗೆ ಇಟ್ಟಿದ್ಳು. ಕೆಲಸಕ್ಕೆ ಬಂದ್ರೆ ಸಾಕು ಅನ್ನೋಳು. ಹೊಲಿಗೆ ನನ್ನ ಹತ್ತಿರ ಬಟ್ಟೇಲೇ ಇದೆ. ಮಾರಿ."

ಅವನು ಒಳ್ಳೆಯ ಗಿರಾಕಿಯನ್ನೇ ಹುಡುಕಿದ. ಹೊಸ ಮಷಿನ್ ಬಂತು. ಅತ್ತಿಗೆ ನೋಡಲು ಬಂದಳು, ಅದರ ಮೋಟರ್ ಸದ್ದು ಕೇಳಿದಳು, ಮೂಲೆಯಲ್ಲಿ ಕೂತು ಮಷಿನ್‌ಗೆ ಎಣ್ಣೆ ಬಿಡುತ್ತಿದ್ದ ತಕ್ಕಡಿಯನ್ನೂ ನೋಡಿದಳು. "ಕಳ್ಳ ಅಂತ ನಾನು ಹೇಳಿದ್ದು ಸುಳ್ಳೇನೂ ಆಗಲಿಲ್ಲ ಬಿಡು," ಎಂದು ನಾದಿನಿಯ ಕಿವಿಯಲ್ಲಿ ಹೇಳಿ, ಹೊಲಿದಿಟ್ಟಿದ್ದ ರವಿಕೆ ತೆಗೆದುಕೊಂಡು ಹೋದಳು.

ಹೊಸ ಮಷಿನ್‌ನಲ್ಲಿ ಮೊದಲು ಏನು ಹೊಲಿಯಬೇಕೆಂದು ಅವಳು ಆಗಲೇ ಗೊತ್ತು ಮಾಡಿದ್ದಳು. ಅವನ ಅಂಗಡಿಯ ಪಕ್ಕದ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ನಾಣ್ಯದ ತಟ್ಟೆಗಳ ಮೇಲೆ ಬೀಳುತ್ತಿತ್ತು. ಪುಟ್ಟ ಕಿಟಕಿ, ಒಂದು ಟವೆಲ್ ಕಟ್ಟಿದರೂ ಮುಚ್ಚುವಷ್ಟು. ಕತ್ತಿನ ಟೇಪು ಹಿಡಿದು ಅದರ ಮುಂದೆ ನಿಂತಳು. ಮೇಜಿನ ಮೇಲೆ ತಾನು ತಿಕ್ಕಿ ಬೆಳಗಿದ್ದ ನಾಣ್ಯಗಳನ್ನು ಸುರಿದಳು.

"ಇವಕ್ಕೆ ತೂಕದ ಬೆಲೆ ಅಷ್ಟೇ ಅಂದ್ರಲ್ಲ. ತೂಕಕ್ಕೇ ಹಾಕ್ತೀನಿ, ಪರದೆ ಅಂಚಿಗೆ. ಅದೊಂದು ಮಾತ್ರ ಕೈಹೊಲಿಗೆ."

"ಆಮೇಲೆ ಮತ್ತೆ ಬಣ್ಣ ಬರುತ್ತೆ," ಎಂದ ಅವನು. "ನಿಧಾನಕ್ಕೆ. ಬಹಳ ವರ್ಷ ಬೇಕು."

"ನೋಡೋಣ. ಇರ್ತೀವಲ್ಲ."

ಅವನು ಹೊಸ ಕಪ್ಪಿಗೆ ಚಹಾ ಸುರಿದು ತಂದ. "ಅಳತೆ ಆಯ್ತಾ?"

ಆ ಕಿಟಕಿಯ ಉದ್ದ ಅಗಲ ಅವಳಿಗೆ ಮೊದಲ ಚಹಾದ ದಿನವೇ ಗೊತ್ತಿತ್ತು. ಟೇಪನ್ನು ನಿಧಾನವಾಗಿ ಸುತ್ತಿ ಕತ್ತಿಗೆ ಹಾಕಿಕೊಂಡಳು.

"ಇಲ್ಲ," ಎಂದಳು. "ಸರಿಯಾಗಿ ನೋಡಬೇಕು. ನಾಳೆ ಬರ್ತೀನಿ."

ಅವನು ಕಿಟಕಿಯನ್ನು ನೋಡಿದ, ಅವಳನ್ನು ನೋಡಿದ, ತೂಗಿದ.

"ನಾಡಿದ್ದೂ ಬೇಕಾಗಬಹುದು," ಎಂದ.

"ಹೂಂ," ಎಂದಳು ಕತ್ತರಿ. "ಭಾರಿ ದೊಡ್ಡ ಕಿಟಕಿ."